ಕೊಟ್ಟಿಗೆಯಿಂದ ಮುಗಿಲಿಗೆ: ಅಮೋನಿಯ ಎಂಬ ಹೊಗೆಯಿಲ್ಲದ ಮಾಲಿನ್ಯ

ವಾಯುಮಾಲಿನ್ಯ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಹೊಗೆ: ಕಾರ್ಖಾನೆಯ ಚಿಮಣಿ, ಹಳೆಯ ಬಸ್ಸಿನ ಹಿಂಬದಿ, ಉರಿಯುವ ಕಸದ ರಾಶಿ. ಆದರೆ ಗಾಳಿಯನ್ನು ಕೆಡಿಸುವ ವಸ್ತುಗಳಲ್ಲಿ ಒಂದಕ್ಕೆ ಚಿಮಣಿಯೂ ಇಲ್ಲ, ಹೊಗೆಯೂ ಇಲ್ಲ. ಅದು ಹುಟ್ಟುವುದು ದನದ ಕೊಟ್ಟಿಗೆಯಲ್ಲಿ, ತಿಪ್ಪೆಯಲ್ಲಿ, ಕೋಳಿ ಫಾರಂಗಳಲ್ಲಿ, ಯೂರಿಯಾ ಎರಚಿದ ಹೊಲದಲ್ಲಿ. ಅದರ ಹೆಸರು ಅಮೋನಿಯ. ಮನುಷ್ಯರ ಚಟುವಟಿಕೆಯಿಂದ ಜಗತ್ತಿನ ಗಾಳಿಗೆ ಸೇರುವ ಅಮೋನಿಯದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಕೃಷಿ ಮತ್ತು ಪಶುಪಾಲನೆಯಿಂದಲೇ ಬರುತ್ತದೆ.

ಈ ವಿಷಯವನ್ನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ಭಾರತೀಯ ಮೂಲದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಈ ಬಡಾವಣೆಯ ಉತ್ತರಕ್ಕೆ, ಕರೂರ ಕಾಡಿನ ಆಚೆ, ಗಿಗಿರಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರ ಕಚೇರಿ ಇದೆ. ಪಶ್ಚಿಮಕ್ಕೆ, ಕಬೇಟೆಯ ಕಡೆಗೆ, ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಇದೆ. ನಗರದ ಅಂಚು ದಾಟಿದರೆ ಕಿಯಾಂಬು ಜಿಲ್ಲೆಯ ಹಾಲಿನ ಹಸುಗಳ ಕೊಟ್ಟಿಗೆಗಳು. ನೈಋತ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ತಾಂಜಾನಿಯದ ಗಡಿಯೊಳಗೆ, ಉಪಗ್ರಹಗಳೇ ಅಚ್ಚರಿಯಿಂದ ಗುರುತಿಸಿದ ಒಂದು ಅಮೋನಿಯದ ಸರೋವರ. ಅಮೋನಿಯದ ಕಥೆಯ ಮುಖ್ಯ ಪಾತ್ರಗಳೆಲ್ಲ ಇಲ್ಲಿ ಒಂದು ದಿನದ ಪ್ರಯಾಣದೊಳಗೆ ಸಿಗುತ್ತವೆ.

ಗಂಜಲದಿಂದ ಗಾಳಿಗೆ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಆದರೆ ಅದರ ಎರಡು ಪರಮಾಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆ ಎಂದರೆ ಗಿಡವಾಗಲಿ ಪ್ರಾಣಿಯಾಗಲಿ ಅದನ್ನು ನೇರವಾಗಿ ಬಳಸಲಾರದು. ಒಂದು ಸಾರಜನಕಕ್ಕೆ ಮೂರು ಜಲಜನಕ ಸೇರಿ ಅಮೋನಿಯವಾದಾಗ ಅದು ಜೀವಲೋಕಕ್ಕೆ ಒದಗುವ ವಸ್ತುವಾಗುತ್ತದೆ. ಹೀಗಾಗಿ ಅಮೋನಿಯ ಬರಿಯ ವಿಷವಸ್ತುವಲ್ಲ. ಅದು ಅನ್ನದ ಬೀಜ. ಇರಬೇಕಾದ ಜಾಗ ಬಿಟ್ಟು ಗಾಳಿಗೆ ಹಾರಿದಾಗ ಮಾತ್ರ ಅದು ಮಾಲಿನ್ಯ.

ಹಸು ತಿಂದ ಮೇವಿನಲ್ಲಿರುವ ಸಾರಜನಕದ ಸುಮಾರು ಮುಕ್ಕಾಲು ಪಾಲು ಹಾಲಿಗೂ ಮಾಂಸಕ್ಕೂ ಹೋಗದೆ ಸಗಣಿ ಮತ್ತು ಗಂಜಲದ ಮೂಲಕ ಹೊರಬೀಳುತ್ತದೆ. ಸಗಣಿಯಲ್ಲಿರುವ ಸಾರಜನಕ ನಿಧಾನವಾಗಿ ಕೊಳೆಯುವಂಥದ್ದು. ಗಂಜಲದಲ್ಲಿರುವುದು ಹೆಚ್ಚಾಗಿ ಯೂರಿಯಾ. ಇವೆರಡೂ ಬೇರೆಬೇರೆಯಾಗಿದ್ದಷ್ಟು ಹೊತ್ತು ದೊಡ್ಡ ತೊಂದರೆ ಇಲ್ಲ. ಆದರೆ ಸಗಣಿಯಲ್ಲಿ, ಮಣ್ಣಿನಲ್ಲಿ, ಕೊಟ್ಟಿಗೆಯ ನೆಲದಲ್ಲಿ ಯೂರಿಯೇಸ್ ಎಂಬ ಕಿಣ್ವವನ್ನು ಹೊಂದಿದ ಸೂಕ್ಷ್ಮಜೀವಿಗಳು ಹೇರಳವಾಗಿವೆ. ಗಂಜಲ ಅವಕ್ಕೆ ತಾಗಿದೊಡನೆ ಯೂರಿಯಾ ಒಡೆದು, ಕೆಲವೇ ಗಂಟೆಗಳಲ್ಲಿ ಅಮೋನಿಯ ಹೊಮ್ಮತೊಡಗುತ್ತದೆ. ಬೆಳಗ್ಗೆ ಮುಚ್ಚಿದ ಕೊಟ್ಟಿಗೆಯ ಬಾಗಿಲು ತೆರೆದವರ ಕಣ್ಣು ಉರಿಯುವುದು ಇದರಿಂದಲೇ. ಕೋಳಿಗಳ ಹಿಕ್ಕೆಯಲ್ಲಿ ಯೂರಿಯಾದ ಬದಲು ಯೂರಿಕ್ ಆಮ್ಲ ಇರುತ್ತದೆ. ಅದು ಒಡೆಯಲು ತೇವ ಬೇಕು. ಒದ್ದೆಯಾದ ಕೋಳಿ ಶೆಡ್ಡು ಒಣ ಶೆಡ್ಡಿಗಿಂತ ಹೆಚ್ಚು ನಾರುವುದಕ್ಕೆ ಇದೇ ಕಾರಣ.

ಹುಟ್ಟಿದ ಅಮೋನಿಯವೆಲ್ಲ ಹಾರಿಹೋಗುವುದಿಲ್ಲ. ನೀರಿನಲ್ಲಿ ಅದು ಎರಡು ರೂಪಗಳಲ್ಲಿರುತ್ತದೆ. ಹುಳಿ ಗುಣದ ನೀರಿನಲ್ಲಿ ಅಮೋನಿಯಂ ಎಂಬ ವಿದ್ಯುದಂಶವುಳ್ಳ ರೂಪ ತಾಳಿ ಅಲ್ಲಿಯೇ ಉಳಿಯುತ್ತದೆ. ಕ್ಷಾರ ಗುಣದ ನೀರಿನಲ್ಲಿ ಅನಿಲವಾಗಿ ಹೊರಡುತ್ತದೆ. ಇದರ ಮೇಲೆ ಬಿಸಿಲಿನ ಪ್ರಭಾವ. ಉಷ್ಣತೆ 5 ಡಿಗ್ರಿ ಏರಿದಾಗಲೆಲ್ಲ ಅಮೋನಿಯ ಹಾರುವ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಜಗತ್ತು ಬಿಸಿಯಾಗುತ್ತ ಹೋದಂತೆ ಅದೇ ಹಸು, ಅದೇ ಗೊಬ್ಬರ ಹೆಚ್ಚು ಅಮೋನಿಯ ಕೊಡುತ್ತವೆ ಎಂಬುದು ಇದರ ಅರ್ಥ.

ಕಲಾಯಿಯ ಬಿಳಿ ಹೊಗೆ

ಅಮೋನಿಯ ಅನಿಲವಾಗಿ ಗಾಳಿಯಲ್ಲಿ ಉಳಿಯುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಬಯಲಿನಲ್ಲಿ ಅದು ಬೇಗ ತೆಳುವಾಗಿ ಮೂಗಿಗೂ ತಿಳಿಯದಂತಾಗುತ್ತದೆ. ಹಾಗಿದ್ದರೆ ಊರಾಚೆಯ ಕೊಟ್ಟಿಗೆಗೂ ನಗರದ ಮಗುವಿನ ಶ್ವಾಸಕೋಶಕ್ಕೂ ಏನು ಸಂಬಂಧ? ಉತ್ತರ ನಮ್ಮ ಹಿತ್ತಾಳೆ ಪಾತ್ರೆಗಳಲ್ಲಿದೆ.

ಊರಿನಲ್ಲಿ ಕಲಾಯಿ ಹಾಕುವವನು ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದೊಡನೆ ದಟ್ಟವಾದ ಬಿಳಿ ಹೊಗೆ ಏಳುತ್ತಿದ್ದುದನ್ನು ಹಿರಿಯರು ಕಂಡಿರುತ್ತಾರೆ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಬಿಸಿ ಪಾತ್ರೆಯಲ್ಲಿ ಅದು ಅಮೋನಿಯ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಎಂಬ ಎರಡು ಬಣ್ಣವಿಲ್ಲದ ಅನಿಲಗಳಾಗಿ ಒಡೆಯುತ್ತದೆ. ಪಾತ್ರೆಯ ಮೇಲಿನ ತಣ್ಣನೆಯ ಗಾಳಿಯಲ್ಲಿ ಅವೆರಡೂ ಮತ್ತೆ ಕೂಡಿ ಅತಿ ಸಣ್ಣ ಘನ ಕಣಗಳಾಗುತ್ತವೆ. ಕಾಣುವ ಬಿಳಿ ಹೊಗೆ ಆ ಕಣಗಳದೇ. ನಗರಗಳ ಮೇಲೆ ನಡೆಯುವುದೂ ಇದೇ. ವಾಹನಗಳ ಹೊಗೆಯಿಂದ ನೈಟ್ರಿಕ್ ಆಮ್ಲ ಹುಟ್ಟುತ್ತದೆ, ಕಲ್ಲಿದ್ದಲು ಮತ್ತು ಗಂಧಕವುಳ್ಳ ಇಂಧನದಿಂದ ಗಂಧಕಾಮ್ಲ. ಇವು ಹಳ್ಳಿಯಿಂದ ಬಂದ ಅಮೋನಿಯದೊಡನೆ ಕೂಡಿ ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಎಂಬ ಲವಣದ ಕಣಗಳಾಗುತ್ತವೆ. ಕಣವಾದ ಮೇಲೆ ಅದು ಹಲವು ದಿನ ಗಾಳಿಯಲ್ಲಿ ಉಳಿದು ನೂರಾರು ಕಿಲೋಮೀಟರ್ ಸಾಗಬಲ್ಲದು.

ಈ ಕಣಗಳ ಗಾತ್ರ ಹೆಚ್ಚಾಗಿ 2.5 ಮೈಕ್ರೋಮೀಟರಿಗಿಂತ ಕಡಿಮೆ. ಪಿಎಂ 2.5 ಎಂದು ಸುದ್ದಿಯಲ್ಲಿ ಬರುವ ವರ್ಗ ಇದು. ಮೂಗಿನ ರೋಮಕ್ಕಾಗಲಿ ಗಂಟಲಿನ ಕಫಕ್ಕಾಗಲಿ ಸಿಕ್ಕದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ; ಹೃದಯಾಘಾತ, ಪಾರ್ಶ್ವವಾಯು, ಉಬ್ಬಸ, ಶ್ವಾಸಕೋಶದ ಕ್ಯಾನ್ಸರ್ ಇವುಗಳ ಅಪಾಯವನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಸರಾಸರಿ ಮಿತಿಯನ್ನು ಘನಮೀಟರಿಗೆ 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು. ಕಲಾಯಿಯ ಹೋಲಿಕೆ ಬರಿಯ ಹೋಲಿಕೆಯೂ ಅಲ್ಲ: ದೆಹಲಿಯ ಚಳಿಗಾಲದ ಮಂಜಿನಲ್ಲಿ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರವೇ, ದೊಡ್ಡ ಪಾಲು ವಹಿಸುತ್ತದೆ ಎಂದು ಮದ್ರಾಸ್ ಐಐಟಿಯ ನೇತೃತ್ವದ ಸಂಶೋಧಕರು 2021ರಲ್ಲಿ ತೋರಿಸಿದರು.

ಚೀಲದಲ್ಲಿ ಬಂದ ಸಾರಜನಕ

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕವನ್ನು ಪ್ರಯೋಗಶಾಲೆಯಲ್ಲಿ ಅಮೋನಿಯವಾಗಿಸಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದ. 1913ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. ಇಂದು ಜಗತ್ತಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಆಹಾರ ಈ ವಿಧಾನದಿಂದ ತಯಾರಾದ ಗೊಬ್ಬರವನ್ನು ಅವಲಂಬಿಸಿದೆ ಎಂಬುದು ತಜ್ಞರ ಅಂದಾಜು.

ಆ ಗೊಬ್ಬರಗಳಲ್ಲಿ ಪ್ರಮುಖವಾದದ್ದು ಯೂರಿಯಾ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ; ಸಾಗಿಸಲು ಸುಲಭ, ಬೆಲೆಯೂ ಕಡಿಮೆ. ಭಾರತದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಕೋಟಿ ಟನ್ ಯೂರಿಯಾ ಬಳಕೆಯಾಗುತ್ತದೆ. ಮಂಗಳೂರಿನ ಪಣಂಬೂರಿನಲ್ಲಿರುವ ಕಾರ್ಖಾನೆ 1970ರ ದಶಕದಿಂದ ಅದನ್ನು ತಯಾರಿಸುತ್ತ ಬಂದಿದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಗಂಜಲದ ಯೂರಿಯಾಕ್ಕೂ ಚೀಲದ ಯೂರಿಯಾಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಹೊಲದ ಮೇಲೆ ಎರಚಿ ಹಾಗೆಯೇ ಬಿಟ್ಟರೆ ಅದೇ ಯೂರಿಯೇಸ್ ಅದನ್ನೂ ಒಡೆಯುತ್ತದೆ. ಕಾಳಿನ ಸುತ್ತಲಿನ ಮಣ್ಣು ಆ ಹೊತ್ತಿಗೆ ಕ್ಷಾರವಾಗುವುದರಿಂದ, ಹೊಲದ ಮಣ್ಣು ಹುಳಿಯಾಗಿದ್ದರೂ ಅಮೋನಿಯ ಹಾರಿಹೋಗುತ್ತದೆ. ಮೇಲೆ ಎರಚಿದ ಯೂರಿಯಾದ ಸಾರಜನಕದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಹೀಗೆ ನಷ್ಟವಾಗುವುದು ಸಾಮಾನ್ಯ. ಬಿಸಿಲು, ಒಣಗಾಳಿ, ಚೌಳು ಮಣ್ಣು ಕೂಡಿದರೆ ನಷ್ಟ ಇನ್ನೂ ಹೆಚ್ಚು.

ಭಾರತ ಸರ್ಕಾರ 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆಯ ಲೇಪ ಕಡ್ಡಾಯಗೊಳಿಸಿತು. ಇದರಿಂದ ಅಮೋನಿಯದ ಸಮಸ್ಯೆ ಬಗೆಹರಿಯಿತು ಎಂದು ಹಲವರು ಭಾವಿಸುತ್ತಾರೆ. ಬೇವು ಮುಖ್ಯವಾಗಿ ತಡೆಯುವುದು ಅಮೋನಿಯಂ ನೈಟ್ರೇಟಾಗಿ ಮಾರ್ಪಡುವ ಮುಂದಿನ ಹಂತವನ್ನು. ಅಂತರ್ಜಲಕ್ಕೆ ಇಳಿಯುವ ನೈಟ್ರೇಟನ್ನು ಕಡಿಮೆ ಮಾಡಲು ಅದು ಉಪಕಾರಿ. ಆದರೆ ಮಣ್ಣಿನಲ್ಲಿ ಅಮೋನಿಯಂ ಹೆಚ್ಚು ಹೊತ್ತು ಉಳಿಯುವುದರಿಂದ, ಗೊಬ್ಬರ ಮಣ್ಣಿನೊಳಕ್ಕೆ ಹೋಗದಿದ್ದರೆ ಗಾಳಿಗೆ ಹಾರುವ ಪಾಲು ತಗ್ಗುತ್ತದೆ ಎಂಬ ಭರವಸೆ ಇಲ್ಲ. ಒಂದು ಬಾಗಿಲು ಮುಚ್ಚಿದರೆ ಸಾರಜನಕ ಇನ್ನೊಂದು ಬಾಗಿಲು ಹುಡುಕುತ್ತದೆ ಎಂಬುದು ಈ ವಿಜ್ಞಾನದ ಮೊದಲ ಪಾಠ.

ಕೆನ್ಯಾದ ರೈತರು ಜೋಳ ಬಿತ್ತುವಾಗ ಡಿಎಪಿ ಹಾಕಿ, ಬೆಳೆ ಮೇಲೆದ್ದ ಮೇಲೆ ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಕೊಡುವ ಪದ್ಧತಿ ವ್ಯಾಪಕವಾಗಿದೆ. ಈ ಎರಡನೆಯ ಗೊಬ್ಬರದ ಸಾರಜನಕದಲ್ಲಿ ಅರ್ಧ ನೈಟ್ರೇಟ್ ರೂಪದ್ದು. ಅದರಿಂದ ಹಾರುವ ಅಮೋನಿಯ ಯೂರಿಯಾದ್ದಕ್ಕಿಂತ ಬಹಳ ಕಡಿಮೆ. ಆದರೆ ಒಂದು ಕಿಲೋ ಸಾರಜನಕಕ್ಕೆ ಬೀಳುವ ಬೆಲೆ ಸಾಮಾನ್ಯವಾಗಿ ಯೂರಿಯಾದಲ್ಲಿಯೇ ಅಗ್ಗ. ಬಡ ರೈತನ ಆಯ್ಕೆಯನ್ನು ನಿರ್ಧರಿಸುವುದು ಆ ಬೆಲೆಯೇ.

ನಾಟ್ರಾನ್: ಉಪಗ್ರಹ ಕಂಡ ಸರೋವರ

2006ರಿಂದ ಯುರೋಪಿನ ಮೆಟಾಪ್ ಉಪಗ್ರಹಗಳಲ್ಲಿರುವ ಒಂದು ಉಪಕರಣ ಭೂಮಿಯಿಂದ ಹೊಮ್ಮುವ ಅವಗೆಂಪು ಬೆಳಕನ್ನು ಅಳೆದು ಅಮೋನಿಯವನ್ನು ಪತ್ತೆಹಚ್ಚುತ್ತಿದೆ. ಹಲವು ವರ್ಷಗಳ ಅಳತೆಗಳನ್ನು ಒಗ್ಗೂಡಿಸಿ ಬೆಲ್ಜಿಯಂನ ವಿಜ್ಞಾನಿಗಳ ತಂಡ 2018ರಲ್ಲಿ ಜಗತ್ತಿನ 248 ತೀವ್ರ ಅಮೋನಿಯ ಕೇಂದ್ರಗಳ ಪಟ್ಟಿ ಪ್ರಕಟಿಸಿತು. ಹೆಚ್ಚಿನವು ಗೊಬ್ಬರದ ಕಾರ್ಖಾನೆಗಳು, ಇಲ್ಲವೇ ಸಾಂದ್ರವಾಗಿ ಜಾನುವಾರು ಸಾಕುವ ಪ್ರದೇಶಗಳು. ಸಹಜ ಮೂಲದ್ದು ಎಂದು ಗುರುತಾದದ್ದು ಒಂದೇ ಒಂದು: ಕೆನ್ಯಾದ ಗಡಿಗೆ ಹೊಂದಿಕೊಂಡ ನಾಟ್ರಾನ್ ಸರೋವರ.

ಪೂರ್ವ ಆಫ್ರಿಕದ ಕಿರಿಯ ರಾಜಹಂಸಗಳು ಸಂತಾನಾಭಿವೃದ್ಧಿಗೆ ನೆಚ್ಚಿಕೊಂಡಿರುವ ಪ್ರಮುಖ ತಾಣ ಇದು. ಹಕ್ಕಿಗಳ ಹಿಕ್ಕೆ, ಪಾಚಿ, ಕೊಳೆತ ಜೈವಿಕ ವಸ್ತು ಕೆಸರಿನಲ್ಲಿ ಸೇರುತ್ತವೆ. ನೀರು ತೀವ್ರ ಕ್ಷಾರಗುಣದ್ದು, ಬಿಸಿಲು ಬಲವಾದದ್ದು. ಒಣಗಾಲದಲ್ಲಿ ನೀರು ಹಿಂದೆ ಸರಿದು ಕೆಸರುಬಯಲು ತೆರೆದುಕೊಂಡಾಗ ಅಮೋನಿಯ ಅನಿಲವಾಗಿ ಏಳುತ್ತದೆ. ಕೊಟ್ಟಿಗೆಯಲ್ಲಿ ನಡೆಯುವುದೇ ಇಲ್ಲಿಯೂ ನಡೆಯುತ್ತದೆ, ಒಂದು ಸರೋವರದ ಅಳತೆಯಲ್ಲಿ. ಸನಿಹದಲ್ಲಿಯೇ ಕೆನ್ಯಾದೊಳಗೆ ಮಗಾಡಿ ಎಂಬ ಇನ್ನೊಂದು ಸೋಡಾ ಸರೋವರವಿದೆ. ಕೆಂಪೇಗೌಡರ ಮಾಗಡಿಯನ್ನು ನೆನಪಿಸುವ ಆ ಹೆಸರಿಗೆ ಸ್ವಾಹಿಲಿಯಲ್ಲಿ ಸೋಡಾ ಎಂದೇ ಅರ್ಥ.

ಬೋಮಾ ಮತ್ತು ಬೂದಿದಿಬ್ಬ

ಮಸಾಯ್ ಮತ್ತಿತರ ಪಶುಪಾಲಕರು ರಾತ್ರಿ ದನಗಳನ್ನು ಕೂಡುವ ಮುಳ್ಳುಬೇಲಿಯ ದೊಡ್ಡಿಗೆ ಬೋಮಾ ಎಂದು ಹೆಸರು. ಹಗಲೆಲ್ಲ ವಿಶಾಲವಾದ ಹುಲ್ಲುಗಾವಲಿನಲ್ಲಿ ಮೇಯ್ದ ಸಾರಜನಕ ರಾತ್ರಿ ಒಂದು ಸಣ್ಣ ವೃತ್ತದಲ್ಲಿ ರಾಶಿಯಾಗುತ್ತದೆ. ಜಾನುವಾರು ಸಂಶೋಧನಾ ಸಂಸ್ಥೆಯ ಮಜಿಂಗಿರಾ ಕೇಂದ್ರದ ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೊರೆದು ದಶಕಗಳಾದ ಬೋಮಾಗಳಿಂದಲೂ ನೈಟ್ರಸ್ ಆಕ್ಸೈಡ್ ಎಂಬ ಹಸಿರುಮನೆ ಅನಿಲ ಹೊಮ್ಮುತ್ತಲೇ ಇರುತ್ತದೆ. ಸಾರಜನಕದ ಇನ್ನೊಂದು ಬಾಗಿಲು ಇದು. ಅದೇ ಹೊತ್ತಿಗೆ, ನೈಋತ್ಯ ಕೆನ್ಯಾದಲ್ಲಿ 3,000 ವರ್ಷಗಳಷ್ಟು ಹಳೆಯ ದೊಡ್ಡಿಗಳ ನೆಲ ಇಂದಿಗೂ ಸುತ್ತಲಿನ ಮಣ್ಣಿಗಿಂತ ಫಲವತ್ತಾಗಿದೆ. ಕಾಡುಪ್ರಾಣಿಗಳು ಅಲ್ಲಿನ ಹುಲ್ಲನ್ನು ಅರಸಿ ಬರುತ್ತವೆ.

ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಕುಪ್ಪಗಲ್ಲು, ಕುಡತಿನಿ ಮುಂತಾದೆಡೆ ಇರುವ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಉಳಿದವು. ಸಗಣಿಯನ್ನು ಸುಟ್ಟರೆ ಬೂದಿಯಲ್ಲಿ ರಂಜಕ, ಪೊಟ್ಯಾಷ್ ಉಳಿಯುತ್ತವೆ; ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ. ದಿಬ್ಬ ನಮಗೆ ಉಳಿಯಿತು, ಗೊಬ್ಬರದ ಸತ್ವ ಮುಗಿಲಿಗೆ ಸೇರಿತು.

ಪಾರ್ಕ್‌ಲ್ಯಾಂಡ್ಸ್‌ನ ಗಾಳಿ

ನೈರೋಬಿಯ ಗಾಳಿಯ ಸೂಕ್ಷ್ಮಕಣಗಳಲ್ಲಿ ದೊಡ್ಡ ಪಾಲು ವಾಹನಗಳ ಹೊಗೆ ಮತ್ತು ರಸ್ತೆಯ, ಮಣ್ಣಿನ ಧೂಳಿನದು. ದೆಹಲಿಯಲ್ಲಿ ಅಥವಾ ಹಾಲೆಂಡಿನಲ್ಲಿ ಅಮೋನಿಯ ವಹಿಸುವಷ್ಟು ಪಾತ್ರವನ್ನು ಇಲ್ಲಿ ಅದಕ್ಕೆ ಹೊರಿಸುವುದು ಸರಿಯಾಗದು. ನಾಟ್ರಾನಿನ ಅಮೋನಿಯವೂ ಪಾರ್ಕ್‌ಲ್ಯಾಂಡ್ಸ್ ನಿವಾಸಿಗಳನ್ನು ಕಾಡುವಂಥದ್ದಲ್ಲ; ಇಲ್ಲಿ ಹೆಚ್ಚಾಗಿ ಬೀಸುವುದು ಈಶಾನ್ಯ ಮತ್ತು ಪೂರ್ವದ ಗಾಳಿ, ಸರೋವರ ಇರುವುದು ನೈಋತ್ಯಕ್ಕೆ.

ಆದರೂ ನಿಶ್ಚಿಂತೆಗೆ ಕಾರಣವಿಲ್ಲ. ಲವಣಕಣ ಹುಟ್ಟಲು ಆಮ್ಲವೂ ಬೇಕು, ಅಮೋನಿಯವೂ ಬೇಕು. ನೈರೋಬಿಯಲ್ಲಿ ವಾಹನಗಳು ಹೆಚ್ಚುತ್ತಿವೆ. ನಗರದ ಹಾಲು, ಮೊಟ್ಟೆ, ಕೋಳಿಮಾಂಸದ ಬೇಡಿಕೆಯೂ ಹೆಚ್ಚುತ್ತಿದೆ. ಕಿಯಾಂಬು, ಲಿಮುರು ಕಡೆಯಲ್ಲಿ ಜಮೀನು ತುಂಡುತುಂಡಾಗಿರುವುದರಿಂದ ಹಸುಗಳನ್ನು ಮೇಯಲು ಬಿಡದೆ, ಆನೆಹುಲ್ಲು ಕೊಯ್ದು ತಂದು ಕೊಟ್ಟಿಗೆಯಲ್ಲಿಯೇ ಹಾಕುತ್ತಾರೆ. ಬಯಲಿನಲ್ಲಿ ಬಿದ್ದ ಗಂಜಲ ಬೇಗ ಮಣ್ಣಿಗಿಳಿಯುತ್ತದೆ; ಸಿಮೆಂಟ್ ನೆಲದಲ್ಲಿ ಬಿದ್ದದ್ದು ಸಗಣಿಯೊಡನೆ ಬೆರೆತು ಅಮೋನಿಯವಾಗುತ್ತದೆ. ಎರಡೂ ಪದಾರ್ಥಗಳು ಒಟ್ಟಿಗೆ ಬೆಳೆಯುತ್ತಿರುವ ನಗರ ಇದು. ದೆಹಲಿಯ ದಾರಿಯನ್ನು ತಪ್ಪಿಸಿಕೊಳ್ಳಲು ಇಲ್ಲಿ ಇನ್ನೂ ಅವಕಾಶವಿದೆ.

ಕಣವಾಗದೆ ಉಳಿದ ಅಮೋನಿಯ ಹತ್ತಿರದ ನೆಲ, ಕಾಡು, ಕೆರೆಗಳ ಮೇಲೆ ಇಳಿಯುತ್ತದೆ. ಗಾಳಿಯಲ್ಲಿ ಕ್ಷಾರವಾಗಿದ್ದ ವಸ್ತು ಮಣ್ಣಿನಲ್ಲಿ ನೈಟ್ರೇಟಾಗಿ ಮಾರ್ಪಡುವಾಗ ಮಣ್ಣನ್ನು ಹುಳಿಯಾಗಿಸುತ್ತದೆ. ಸಾರಜನಕ ಕಡಿಮೆ ಇರುವಲ್ಲಿ ಬದುಕಲು ಹೊಂದಿಕೊಂಡ ಸಸ್ಯಗಳನ್ನು ಒರಟು ಹುಲ್ಲುಗಳು ಮೀರಿ ಬೆಳೆಯುತ್ತವೆ. ಮರದ ತೊಗಟೆಯ ಕಲ್ಲುಹೂಗಳಿಗೆ ಘನಮೀಟರಿಗೆ 1 ಮೈಕ್ರೋಗ್ರಾಂ ಅಮೋನಿಯವೇ ಅಪಾಯದ ಗೆರೆ ಎಂದು ಯುರೋಪಿನ ತಜ್ಞರು ಗೊತ್ತುಮಾಡಿದ್ದಾರೆ. ಭಾರತದ 2009ರ ವಾಯುಗುಣಮಟ್ಟದ ಮಾನದಂಡದಲ್ಲಿ ಅಮೋನಿಯದ ವಾರ್ಷಿಕ ಮಿತಿ 100 ಮೈಕ್ರೋಗ್ರಾಂ. ಒಂದು ಮನುಷ್ಯನ ಮೂಗು, ಕಣ್ಣುಗಳ ಲೆಕ್ಕ. ಇನ್ನೊಂದು ಕಾಡಿನ ಲೆಕ್ಕ.

ಹೆಚ್ಚಾದವರು, ಸಾಲದವರು

2019ರ ಮೇ ತಿಂಗಳಲ್ಲಿ ಹಾಲೆಂಡಿನ ಉಚ್ಚ ಆಡಳಿತ ನ್ಯಾಯಾಲಯ ಸರ್ಕಾರದ ಸಾರಜನಕ ನೀತಿಯನ್ನು ಅನೂರ್ಜಿತಗೊಳಿಸಿತು. ಸಾವಿರಾರು ಕಟ್ಟಡ, ರಸ್ತೆ, ಪಶುಶಾಲೆಗಳ ಪರವಾನಗಿ ನಿಂತುಹೋಯಿತು. ಅಕ್ಟೋಬರಿನಲ್ಲಿ ರೈತರು ಟ್ರಾಕ್ಟರುಗಳೊಡನೆ ಹೆದ್ದಾರಿಗಳಿಗೆ ಇಳಿದರು. ಅಲ್ಲಿನ ಸಮಸ್ಯೆ ಸಾರಜನಕ ಹೆಚ್ಚಾದದ್ದು.

ಆಫ್ರಿಕದ ಬಹುಭಾಗದ ಸಮಸ್ಯೆ ಇದಕ್ಕೆ ವಿರುದ್ಧ. ಸಹಾರಾದ ದಕ್ಷಿಣದ ದೇಶಗಳಲ್ಲಿ ಹೆಕ್ಟೇರಿಗೆ ಬಳಸುವ ರಸಗೊಬ್ಬರ ಸರಾಸರಿ 20 ಕಿಲೋ ಆಸುಪಾಸು. ಜಗತ್ತಿನ ಸರಾಸರಿ ಅದರ ಹಲವು ಪಟ್ಟು. ಬೆಳೆ ವರ್ಷವರ್ಷವೂ ಮಣ್ಣಿನ ಸತ್ವವನ್ನು ಒಯ್ಯುತ್ತದೆ, ಮರಳಿ ಬರುವುದು ಕಡಿಮೆ. 2024ರ ಮೇ ತಿಂಗಳಲ್ಲಿ ನೈರೋಬಿಯಲ್ಲೇ ಸೇರಿದ ಆಫ್ರಿಕದ ನಾಯಕರು ಮುಂದಿನ ಹತ್ತು ವರ್ಷಗಳಲ್ಲಿ ಗೊಬ್ಬರದ ದೇಶೀಯ ಉತ್ಪಾದನೆ ಮತ್ತು ವಿತರಣೆಯನ್ನು ಮೂರು ಪಟ್ಟು ಮಾಡುವ ಘೋಷಣೆ ಹೊರಡಿಸಿದರು. ಇಂಥ ರೈತನಿಗೆ ಗೊಬ್ಬರ ಕಡಿಮೆ ಮಾಡು ಎಂದು ಬೋಧಿಸುವುದು ಅನ್ಯಾಯ. ಅದೇ ನಗರದ ಗಿಗಿರಿಯಲ್ಲಿ 2019ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ, ಭಾರತ ಮಂಡಿಸಿದ ಸುಸ್ಥಿರ ಸಾರಜನಕ ನಿರ್ವಹಣೆಯ ನಿರ್ಣಯವನ್ನು ಅಂಗೀಕರಿಸಿತ್ತು. ಅದೇ ವರ್ಷದ ಅಕ್ಟೋಬರಿನ ಕೊಲಂಬೊ ಘೋಷಣೆ 2030ರ ವೇಳೆಗೆ ಸಾರಜನಕದ ಅಪವ್ಯಯವನ್ನು ಅರ್ಧಕ್ಕೆ ಇಳಿಸುವ ಆಶಯ ಮುಂದಿಟ್ಟಿತು. ಅಲ್ಲಿ ಬಳಸಿದ ಪದ ಅಪವ್ಯಯ ಎಂಬುದು ಗಮನಾರ್ಹ. ಗಾಳಿಗೆ ಹಾರುವ ಅಮೋನಿಯ ರೈತ ದುಡ್ಡು ಕೊಟ್ಟು ಕೊಂಡ, ಇಲ್ಲವೇ ಹಸು ಕೊಟ್ಟ ಗೊಬ್ಬರ. ಅದನ್ನು ನೆಲದಲ್ಲಿ ಉಳಿಸಿದರೆ ಬೆಳೆಗೂ ಲಾಭ, ಉಸಿರಿಗೂ ಲಾಭ.

ಉಳಿಸುವ ಉಪಾಯಗಳು

ಮೊದಲನೆಯದು, ಗಂಜಲವನ್ನು ಹಿಡಿದಿಡುವುದು. ಮಲೆನಾಡು, ಕರಾವಳಿ, ಕಾಸರಗೋಡಿನ ಹಟ್ಟಿಗಳಲ್ಲಿ ದನದ ಕಾಲಡಿಗೆ ಸೊಪ್ಪು, ತರಗೆಲೆ ಹಾಸುವ ಪದ್ಧತಿ ಹಳೆಯದು. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳ ಹಕ್ಕು ಸಿಕ್ಕಿದ್ದೇ ಈ ಕಾರಣಕ್ಕೆ. ಎಲೆಯ ಹಾಸು ಗಂಜಲವನ್ನು ಹೀರುತ್ತದೆ; ಎಲೆಯಲ್ಲಿರುವ ಇಂಗಾಲವನ್ನು ಉಣ್ಣುವ ಸೂಕ್ಷ್ಮಜೀವಿಗಳು ಬಿಡುಗಡೆಯಾದ ಸಾರಜನಕವನ್ನು ತಮ್ಮ ಮೈಗೆ ಸೇರಿಸಿಕೊಳ್ಳುತ್ತವೆ. ದಿನವೂ ಹೊಸ ಹಾಸು ಬಿದ್ದರೆ ಗಾಳಿಗೆ ತೆರೆದ ಮೈಯೂ ಕಡಿಮೆ. ಆದರೆ ಇದೇ ಸೊಪ್ಪಿಗಾಗಿ ಬೆಟ್ಟಗಳು ಬೋಳಾದದ್ದೂ ಉಂಟು. ಆದ್ದರಿಂದ ಬೆಳೆಯುಳಿಕೆ, ಹುಲ್ಲು, ಮರದ ಹೊಟ್ಟನ್ನು ಬಳಸುವುದು ಲೇಸು. ಕಿಯಾಂಬುವಿನ ಸಿಮೆಂಟ್ ಕೊಟ್ಟಿಗೆಗೆ ಜೋಳದ ದಂಟು ಈ ಕೆಲಸ ಮಾಡಬಲ್ಲದು.

ಎರಡನೆಯದು, ಮುಚ್ಚುವುದು. ತಿಪ್ಪೆಗೆ ನೆರಳು ಮತ್ತು ಮುಚ್ಚಳ, ಗಂಜಲದ ಗುಂಡಿಗೆ ಹೊದಿಕೆ, ಹೊಲಕ್ಕೆ ಹಾಕಿದ ಗೊಬ್ಬರವನ್ನು ಅಂದೇ ಮಣ್ಣಿಗೆ ಬೆರೆಸುವುದು. ಗೋಬರ್ ಗ್ಯಾಸ್ ಘಟಕದಿಂದ ಬರುವ ಬಗ್ಗಡದಲ್ಲಿ ಅಮೋನಿಯಂ ಹೆಚ್ಚು, ಕ್ಷಾರಗುಣವೂ ಹೆಚ್ಚು; ಅದನ್ನು ತೆರೆದಿಟ್ಟರೆ ಹಸಿ ಸಗಣಿಗಿಂತ ಹೆಚ್ಚು ನಷ್ಟವಾಗಬಹುದು. ಯೂರಿಯಾವನ್ನು ಮಣ್ಣಿನೊಳಗೆ ಹಾಕುವುದು, ಇಲ್ಲವೇ ಹಾಕಿದೊಡನೆ ಸಾಕಷ್ಟು ನೀರು ಹಾಯಿಸುವುದು ಖರ್ಚಿಲ್ಲದ ಪರಿಹಾರ. ಬರಿಯ ಇಬ್ಬನಿಯಷ್ಟು ತೇವ ಮಾತ್ರ ಕೆಡುಕು. ಅದು ಕಾಳನ್ನು ಕರಗಿಸುತ್ತದೆ, ಕೆಳಗಿಳಿಸುವುದಿಲ್ಲ. ಜರ್ಮನಿ 2020ರಿಂದ ಯೂರಿಯಾಕ್ಕೆ ಯೂರಿಯೇಸ್ ತಡೆಯುವ ವಸ್ತು ಸೇರಿಸಬೇಕು, ಇಲ್ಲವೇ ನಾಲ್ಕು ಗಂಟೆಯೊಳಗೆ ಮಣ್ಣಿಗೆ ಬೆರೆಸಬೇಕು ಎಂಬ ನಿಯಮ ಮಾಡಿದೆ.

ಮೂರನೆಯದು, ಬೇಕಾದಷ್ಟನ್ನೇ ಕೊಡುವುದು. ಹಸುವಿಗೆ ಅಗತ್ಯಕ್ಕಿಂತ ಹೆಚ್ಚು ಹಿಂಡಿ ತಿನ್ನಿಸಿದರೆ ಹೆಚ್ಚಿನ ಸಾರಜನಕ ಗಂಜಲಕ್ಕೆ ಹೋಗುತ್ತದೆ, ಹಾಲಿಗಲ್ಲ. ಹೊಲದಲ್ಲಿ ದ್ವಿದಳ ಧಾನ್ಯಗಳು ಗಾಳಿಯ ಸಾರಜನಕವನ್ನು ತಾವೇ ಹಿಡಿಯುತ್ತವೆ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವ ಮೈಸೂರು ಸೀಮೆಯ ರೈತನೂ, ಜೋಳದ ನಡುವೆ ಬೀನ್ಸ್ ಬಿತ್ತುವ ಕಿಕುಯು ರೈತನೂ ಒಂದೇ ಲೆಕ್ಕ ಬಲ್ಲವರು. ಜೋಳ ಮತ್ತು ಬೀನ್ಸ್ ಒಟ್ಟಿಗೆ ಬೇಯಿಸಿದ ಗಿತೇರಿ ಆ ಹೊಲದ ಪ್ರತಿರೂಪವೇ.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಯಂತ್ರ ಬೇಕಿಲ್ಲ. ದಿನನಿತ್ಯದ ದುಡಿಮೆ ಬೇಕು. ಸೊಪ್ಪು ಹೊರುವ, ಗುಂಡಿ ಮುಚ್ಚುವ, ಸಗಣಿ ಬಾಚುವ ಆ ದುಡಿಮೆ ಕಿಯಾಂಬುವಿನಲ್ಲಿಯೂ ಶಿರಸಿಯಲ್ಲಿಯೂ ಬಹುಮಟ್ಟಿಗೆ ಹೆಂಗಸರ ಹೆಗಲ ಮೇಲಿದೆ. ಅದರ ಫಲವಾಗಿ ತಿಳಿಯಾಗುವ ಗಾಳಿಯನ್ನು ಉಸಿರಾಡುವವರು ಕೆಳಗಾಳಿಯ ನಗರವಾಸಿಗಳು. ಹಾಲಿನ ಬೆಲೆಯಲ್ಲಿ, ಗೊಬ್ಬರದ ಸಹಾಯಧನದಲ್ಲಿ ಈ ಸೇವೆಗೆ ಇದುವರೆಗೆ ಯಾರೂ ಲೆಕ್ಕ ಕಟ್ಟಿಲ್ಲ. ನಿರ್ಣಯಗಳು ಗಿಗಿರಿಯಿಂದ ಕೊಟ್ಟಿಗೆಯವರೆಗೆ ತಲುಪಬೇಕಾದರೆ ಮೊದಲು ಆಗಬೇಕಾದದ್ದು ಆ ಲೆಕ್ಕ.